ಏಳು ಮಕ್ಕಳು, ಅರವತ್ತೊಂದು ದಿನ: ಕಾದಂಬರಿ ಬರೆದ ನನ್ನ ಅನುಭವ

ಕಾರವಾರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಬಾಹ್ಯಾಕಾಶದ ಯುದ್ಧವೊಂದರಲ್ಲಿ ಸಿಕ್ಕಿಬಿದ್ದ ಹದಿಹರೆಯದ ಏಳು ಮಕ್ಕಳು ಬದುಕುಳಿಯುವ ಕಥೆಯನ್ನು ಕಾದಂಬರಿಯಾಗಿ ಬರೆಯಲು ತೊಡಗಿದಾಗ, ಮೊದಲ ನಾಲ್ಕು ಅಧ್ಯಾಯಗಳ ತುಂಬ ಕ್ಷಿಪಣಿಗಳೇ ಇದ್ದವು. ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅದನ್ನು ಒಂಬತ್ತನೆಯ ತರಗತಿಯವರಿಗೆ ಓದಿ ಹೇಳಿದೆ. ಅವರು ಒಂದಿಷ್ಟೂ ಗದ್ದಲ ಮಾಡದೆ ಕೇಳಿದರು. ಮಕ್ಕಳು ಅಷ್ಟು ಸಭ್ಯರಾಗಿ ಕುಳಿತರೆ ಕಥೆ ಅವರಿಗೆ ತಾಗುತ್ತಿಲ್ಲ ಎಂದೇ ಅರ್ಥವೆಂಬುದು ಆಗ ನನಗೆ ಹೊಳೆಯಲಿಲ್ಲ. ಕೊನೆಯಲ್ಲಿ ಬೈತಖೋಲದ ಮೀನುಗಾರಿಕೆ ಬಂದರಿನ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರೇ, ಅವ್ರು ಅಷ್ಟು ದಿನ ಉಂಡದ್ದೆಂತ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟು ದಿನ ಎಂಬುದನ್ನೂ ನಾನು ಎಲ್ಲಿಯೂ ಬರೆದಿರಲಿಲ್ಲ.

ಆ ಹುಡುಗಿಯ ಮನೆಯಲ್ಲಿ ಆ ಪ್ರಶ್ನೆ ಪ್ರತಿ ವರ್ಷ ಏಳುವಂಥದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಆನಿಕೊಂಡು ನಿಲ್ಲುತ್ತವೆ, ಮನೆಯಲ್ಲಿ ಅಕ್ಕಿ, ಒಣಮೀನು, ಉಪ್ಪು, ಸೌದೆಗಳ ಲೆಕ್ಕ ನಡೆಯುತ್ತದೆ. ಒಟ್ಟು 61 ದಿನ. ಅಂಕೋಲೆಯ ನಮ್ಮ ಮನೆಯಲ್ಲಿ ಬೋಟು ಇರಲಿಲ್ಲವಾದರೂ, ಮಳೆಗಾಲ ಹಿಡಿಯುವ ಮೊದಲು ಅಮ್ಮ ಅಟ್ಟದ ಮೇಲಿನ ಡಬ್ಬಿಗಳನ್ನು ಬೆರಳಿನಿಂದ ತಟ್ಟಿ, ಸದ್ದಿನಲ್ಲಿಯೇ ಅವು ಎಷ್ಟು ತುಂಬಿವೆಯೆಂದು ಅಳೆಯುತ್ತಿದ್ದಳು. ನಾನು ಬರೆದಿದ್ದ ನಾಲ್ಕೂ ಅಧ್ಯಾಯಗಳನ್ನು ಬದಿಗಿಟ್ಟು, ಹೊಸ ನೋಟುಪುಸ್ತಕದ ಮೊದಲ ಪುಟದಲ್ಲಿ “7 ಮಕ್ಕಳು × 61 ದಿನ = 427” ಎಂದು ಬರೆದೆ. ಇಡೀ ಕಾದಂಬರಿ ಹುಟ್ಟಿದ್ದು ಆ ಒಂದು ಗುಣಾಕಾರದಿಂದ.

ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋಗ್ರಾಂ ಆಮ್ಲಜನಕ ಬೇಕು. 427ರಿಂದ ಗುಣಿಸಿದರೆ ಸುಮಾರು 359 ಕಿಲೋ. ಕುಡಿಯಲು ಮತ್ತು ಅಡುಗೆಗೆಂದು ತಲೆಗೆ ದಿನಕ್ಕೆ ಮೂರು ಲೀಟರ್ ನೀರು ಹಿಡಿದರೂ 1,281 ಲೀಟರ್ ಆಗುತ್ತದೆ. ಇವೆರಡನ್ನು ಹೊಂದಿಸಿದರೆ ಕೆಲಸ ಮುಗಿಯಿತೆಂದು ತಿಳಿದಿದ್ದ ನನಗೆ ಮೂರನೆಯ ಲೆಕ್ಕ ಪೆಟ್ಟು ಕೊಟ್ಟಿತು. ಒಬ್ಬೊಬ್ಬರೂ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾರೆ. ಮುಚ್ಚಿದ ನೌಕೆಯಲ್ಲಿ ಅದನ್ನು ತೆಗೆಯದಿದ್ದರೆ, ಆಮ್ಲಜನಕದ ತೊಟ್ಟಿ ತುಂಬಿದ್ದರೂ ಒಳಗಿದ್ದವರು ಸಾಯುತ್ತಾರೆ. ಅದನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಎಂಬ ರಾಸಾಯನಿಕ, ಸಮೀಕರಣದ ಪ್ರಕಾರವೇ, ಒಂದು ಕಿಲೋ ಅನಿಲಕ್ಕೆ ಸುಮಾರು 1.09 ಕಿಲೋ ಬೇಕಾಗುತ್ತದೆ. ಎಂದರೆ ಉಸಿರಾಡುವ ಗಾಳಿಗಿಂತ ಬಿಟ್ಟ ಉಸಿರಿನ ವಿಲೇವಾರಿಯ ಸಾಮಾನೇ ಹೆಚ್ಚು ತೂಗುತ್ತದೆ. ಹತ್ತನೆಯ ತರಗತಿಗೆ ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸಲು ಇಷ್ಟು ವರ್ಷ ಕಲಿಸಿದ ನಾನು, ಒಂದು ಸಮೀಕರಣ ಸರಿದೂಗದಿದ್ದರೆ ಏಳು ಜನ ಸಾಯುತ್ತಾರೆ ಎಂಬ ದಿಗಿಲಿನಿಂದ ಅದನ್ನು ಬಿಡಿಸಿದ್ದು ಅದೇ ಮೊದಲು.

ಇದು ಹೆದರಿಸಲೆಂದು ಕಟ್ಟಿದ ಸಂಗತಿಯಲ್ಲ. 1970ರ ಏಪ್ರಿಲ್‌ನಲ್ಲಿ ಚಂದ್ರನ ದಾರಿಯಲ್ಲಿದ್ದ ಅಪೋಲೋ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ, ಇಬ್ಬರಿಗೆಂದು ಕಟ್ಟಿದ್ದ ಚಂದ್ರನೌಕೆಯಲ್ಲಿ ಮೂವರು ಆಶ್ರಯ ಪಡೆದರು. ಅಲ್ಲಿ ಆಮ್ಲಜನಕವಿತ್ತು, ಕೊರತೆಯಾದದ್ದು ಅನಿಲವನ್ನು ಹೀರುವ ಡಬ್ಬಿಗಳಿಗೆ. ಮುಖ್ಯ ನೌಕೆಯ ಡಬ್ಬಿಗಳು ಚೌಕಾಕಾರದವು, ಚಂದ್ರನೌಕೆಯ ಕಿಂಡಿ ದುಂಡಗಿನದು. ರಟ್ಟು, ಪ್ಲಾಸ್ಟಿಕ್ ಚೀಲ, ಕೊಳವೆ, ಅಂಟುಪಟ್ಟಿಗಳಿಂದ ಅವೆರಡನ್ನೂ ಜೋಡಿಸಿ ಅವರು ಉಳಿದುಕೊಂಡರು. ಅದನ್ನು ಓದಿದಾಗ ನನಗೆ ನೆನಪಾದದ್ದು ಯಾವ ವಿಜ್ಞಾನಿಯೂ ಅಲ್ಲ, ನಡುಗಡಲಿನಲ್ಲಿ ಎಂಜಿನ್ನು ಕೆಟ್ಟರೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಡ ಮುಟ್ಟಿಸುವ ನಮ್ಮೂರ ತಾಂಡೇಲರು, ಎಂದರೆ ಬೋಟು ನಡೆಸುವ ಮುಖ್ಯಸ್ಥರು. ನನ್ನ ಕಥೆಯ ಸುಕ್ರು ಎಂಬ ಹದಿನಾಲ್ಕರ ಹುಡುಗ ಬಂದದ್ದು ಆ ಕಡೆಯಿಂದ.

ಅರವತ್ತೊಂದನ್ನು ಮೀನುಗಾರಿಕೆಯ ನಿಷೇಧದಿಂದ ಎತ್ತಿಕೊಂಡೆನಾದ್ದರಿಂದ, ಭೂಮಿ-ಚಂದ್ರರ ನಡುವೆ ಅಷ್ಟು ದಿನ ಹಿಡಿಯುವ ದಾರಿ ಉಂಟೇ ಎಂಬುದನ್ನು ಆಮೇಲೆ ಹುಡುಕಬೇಕಾಯಿತು. ಅಪೋಲೋ ನೌಕೆಗಳು ಚಂದ್ರನನ್ನು ಮುಟ್ಟಲು ಮೂರು ದಿನ ಸಾಕಾಗಿತ್ತು. ಆದರೆ ಇಂಧನ ಉಳಿಸಬೇಕಾದರೆ ಸೂರ್ಯನ ಸೆಳೆತದ ನೆರವು ಪಡೆದು ಬಳಸಿ ಹೋಗುವ ನಿಧಾನದ ದಾರಿಗಳಿವೆ. ದಕ್ಷಿಣ ಕೊರಿಯಾದ ದನೂರಿ ನೌಕೆ 2022ರ ಆಗಸ್ಟ್‌ನಲ್ಲಿ ಹೊರಟು ಡಿಸೆಂಬರ್‌ನಲ್ಲಿ ಚಂದ್ರನ ಕಕ್ಷೆ ಸೇರಿದ್ದು ಅಂಥ ದಾರಿಯಲ್ಲಿ. ನನ್ನ ಮಕ್ಕಳ ನೌಕೆಯ ಮುಂಭಾಗ ಒಡೆದು, ಹಿರಿಯರೆಲ್ಲ ಸತ್ತು, ತೊಟ್ಟಿಯ ತಳದಲ್ಲಿ ಒಂದಿಷ್ಟು ಇಂಧನ ಮಾತ್ರ ಉಳಿದಿತ್ತು. ಬಡವರ ದಾರಿ ಯಾವಾಗಲೂ ಉದ್ದ.

ಅಡಗಿಕೊಳ್ಳುವ ಭಾಗವನ್ನು ನಾನು ಐದು ಸಲ ಬರೆದೆ. ಮೊದಲ ಕರಡಿನಲ್ಲಿ ಅವರು ದೀಪವಾರಿಸಿ ಕತ್ತಲಲ್ಲಿ ಮರೆಯಾಗುತ್ತಿದ್ದರು. ಅದು ಸಾಧ್ಯವಿಲ್ಲ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲದ ಕಾರಣ ನೌಕೆಯ ಬಿಸಿ ವಿಕಿರಣವಾಗಿ ಮಾತ್ರ ಹೊರಹೋಗಬೇಕು, ಮತ್ತು ಹಾಗೆ ಹೋಗುವ ಬಿಸಿ ಶಾಖವನ್ನು ಗುರುತಿಸುವ ಅವಕೆಂಪು ಕ್ಯಾಮೆರಾಕ್ಕೆ ತಣ್ಣನೆಯ ಆಕಾಶದ ಹಿನ್ನೆಲೆಯಲ್ಲಿ ದೂರದಿಂದಲೇ ಕಾಣುತ್ತದೆ. ಹೊದಿಕೆ ಹೊದ್ದು ಮಲಗಿದರೂ ಮೈಬಿಸಿ ಮರೆಯಾಗದು, ಏಳು ಮಕ್ಕಳ ದೇಹಗಳೇ ಸುಮಾರು 700 ವಾಟ್ ಶಾಖ ಬಿಡುತ್ತವೆ. ದಾರಿ ಸಿಕ್ಕಿದ್ದು ಇನ್ನೊಂದು ಲೆಕ್ಕದಿಂದ. ಸೂರ್ಯನಿಂದ ಭೂಮಿಯಷ್ಟೇ ದೂರದಲ್ಲಿ ಬಿಸಿಲಿಗೆ ಉರುಳುತ್ತಿರುವ ಬೂದುಬಣ್ಣದ ಗುಂಡೊಂದು ತಾನಾಗಿ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಲ್ಲುತ್ತದೆ. ಒಡೆದ ನೌಕೆಗಳ ಚೂರುಗಳು ಹೆಚ್ಚುಕಡಿಮೆ ಆ ಬಿಸಿಯಲ್ಲಿರುತ್ತವೆ ಎಂದಾದರೆ, ಮಕ್ಕಳು ಕಾಣದಂತಾಗಬೇಕಿಲ್ಲ, ಕಸದಂತೆ ಕಂಡರೆ ಸಾಕು. ಹೊರಮೈ ಆ ಮಟ್ಟಕ್ಕೆ ತಣ್ಣಗಾಗುವಂತೆ ಯಂತ್ರಗಳನ್ನು ನಿಲ್ಲಿಸಿ, ಶತ್ರುನೌಕೆ ದಾಟಿಹೋಗುವ ತನಕ ಒಂಬತ್ತು ದಿನ ಅವಶೇಷಗಳ ನಡುವೆ ಅವರು ಸುಮ್ಮನೆ ಉರುಳುತ್ತ ಇರುತ್ತಾರೆ. ಒಳಗೆ ಚಳಿ. ಅಪೋಲೋ 13ರ ಒಳಗೂ ಉಷ್ಣತೆ 3 ಡಿಗ್ರಿಯ ಆಸುಪಾಸಿಗೆ ಇಳಿದಿತ್ತೆಂಬುದು ನನಗೆ ಧೈರ್ಯ ಕೊಟ್ಟಿತು.

ಯಂತ್ರ ನಿಲ್ಲಿಸಿದರೆ ಇಂಗಾಲದ ಡೈಆಕ್ಸೈಡನ್ನು ಹೀರಿ, ಕಾಯಿಸಿದಾಗ ಅದನ್ನು ಹೊರಗಿನ ನಿರ್ವಾತಕ್ಕೆ ಬಿಡುವ ಜಿಯೋಲೈಟ್ ಎಂಬ ಖನಿಜದ ತೊಟ್ಟಿಯೂ ನಿಲ್ಲುತ್ತದೆ. ಆಗ ಉಗ್ರಾಣದ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳೇ ಗತಿ. ಏಳು ಜನಕ್ಕೆ ಒಂಬತ್ತು ದಿನಕ್ಕೆ ಕನಿಷ್ಠ 69 ಕಿಲೋ ಬೇಕು. ನಾನು ಅವರಿಗೆ ಕೊಟ್ಟದ್ದು 40. ಐದು ದಿನಕ್ಕೆ ಸಾಕಾಗುವುದನ್ನು ಒಂಬತ್ತು ದಿನ ಎಳೆಯಬೇಕಾದಾಗ ತಲೆನೋವು, ಮಂಪರು, ಸಣ್ಣ ಮಾತಿಗೂ ಸಿಟ್ಟು, ಎಣಿಕೆಯಲ್ಲಿ ತಪ್ಪು ಎಲ್ಲವೂ ಶುರುವಾಗುತ್ತವೆ. ಮೊದಲ ಕರಡಿನಲ್ಲಿ ಮೈತ್ರಿ ಎಂಬ ಹುಡುಗಿ ಮತ್ತು ಸುಕ್ರುವಿನ ಜಗಳಕ್ಕೆ ನಾನು ಅವರ ಅಪ್ಪಂದಿರ ಹಳೆಯ ದ್ವೇಷವೊಂದನ್ನು ಕಾರಣವಾಗಿ ಕಟ್ಟಿದ್ದೆ. ಅದನ್ನು ಹೊಡೆದುಹಾಕಿ, ಜಗಳವನ್ನು ಹಾಗೆಯೇ ಉಳಿಸಿ, ಅಧ್ಯಾಯದ ಕೊನೆಯಲ್ಲಿ ಗಾಳಿಯ ಮಾಪಕದ ಅಂಕಿಯೊಂದನ್ನು ಮಾತ್ರ ಬರೆದೆ. ಈ ಪುಸ್ತಕದಲ್ಲಿ ನನಗೆ ತೃಪ್ತಿ ಕೊಟ್ಟ ತಿದ್ದುಪಡಿ ಅದು.

ಇನ್ನೊಂದು ಅಪಾಯವನ್ನು ಶಿರಸಿಯ ಅಡಿಕೆ ಹಾಳೆ ಬಿಡಿಸಿತು. ತೂಕವಿಲ್ಲದ ಕಡೆ ಬಿಸಿಗಾಳಿ ಮೇಲೇರುವುದಿಲ್ಲ, ಏಕೆಂದರೆ ಅಲ್ಲಿ ಮೇಲೆಂಬುದೇ ಇಲ್ಲ. ಫ್ಯಾನು ನಿಂತರೆ ಮಲಗಿದವನು ಬಿಟ್ಟ ಉಸಿರು ಅವನ ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಆ ಒಂಬತ್ತು ರಾತ್ರಿ ಯಾರಾದರೊಬ್ಬರು ಎಚ್ಚರವಿದ್ದು ಉಳಿದವರಿಗೆ ಗಾಳಿ ಬೀಸಬೇಕು. ಮೈತ್ರಿ ಶಿರಸಿಯ ಅಡಿಕೆ ತೋಟದವರ ಮನೆಯ ಹುಡುಗಿ. ಅವಳ ಸಾಮಾನಿನಲ್ಲಿ ಅಡಿಕೆ ಹಾಳೆಯ ತಟ್ಟೆಗಳಿದ್ದವು. ಅಜ್ಜಿ ಮಾಡುತ್ತಿದ್ದ ಹಾಳೆಯ ಬೀಸಣಿಗೆಯನ್ನು ನೆನೆದು ಅವಳು ತಟ್ಟೆಯನ್ನೇ ಬೀಸುತ್ತಾಳೆ, ಬೀಸಿದ ಹೊಡೆತಕ್ಕೆ ತಾನೇ ಹಿಂದಕ್ಕೆ ತೇಲುತ್ತಾಳೆ, ಕಾಲನ್ನು ಪಟ್ಟಿಗೆ ಕಟ್ಟಿಕೊಂಡು ಮತ್ತೆ ಬೀಸುತ್ತಾಳೆ. ಅವಳ ಇನ್ನೊಂದು ಆಸ್ತಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ. ತೂಕವಿಲ್ಲದಾಗ ದೇಹದ ದ್ರವ ತಲೆಯ ಕಡೆ ಏರಿ ಮೂಗು ಕಟ್ಟಿದಂತಾಗಿ ರುಚಿ ಮಂದವಾಗುವುದರಿಂದ ಗಗನಯಾತ್ರಿಗಳು ಖಾರವನ್ನು ಬಯಸುತ್ತಾರಂತೆ. ಹಾಗಾಗಿ ಆ ಮಿಡಿಗಳನ್ನು ದಿನಕ್ಕೊಂದರಂತೆ ಏಳು ಭಾಗ ಮಾಡುವ ದೃಶ್ಯ ಕ್ಷಿಪಣಿಯ ದೃಶ್ಯಕ್ಕಿಂತ ಉದ್ದವಾಯಿತು. ಹಪ್ಪಳವನ್ನೂ ಸೇರಿಸಿದ್ದೆ. ಪುಡಿ ತೇಲಿ ಕಣ್ಣಿಗೂ ಯಂತ್ರಕ್ಕೂ ಹೋಗುತ್ತದೆಂದು ನೆನಪಾಗಿ ಮನಸ್ಸಿಲ್ಲದೆ ತೆಗೆದೆ.

ನೌಕೆಯ ಒಳಗಿನ ಇಕ್ಕಟ್ಟು ಹೇಗಿರುತ್ತದೆಂಬುದನ್ನು ತಿಳಿಯಲು ನಾನು ಬೆಂಗಳೂರಿಗೇನೂ ಹೋಗಲಿಲ್ಲ. 1976ರಿಂದ 2005ರವರೆಗೆ ನೌಕಾಪಡೆಯಲ್ಲಿದ್ದ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿ ನಮ್ಮ ಕಡಲತೀರದಲ್ಲಿಯೇ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಟೇಪು ಹಿಡಿದು ಮೂರು ಸಲ ಹೋದೆ. ಕೆಳಗಿನ ಕೋಣೆಗಳಿಗೆ ಇಳಿಯುವಲ್ಲಿ ನನ್ನ ಭುಜ ಎರಡೂ ಕಡೆ ತಾಗಿತು. ಜೊತೆಗೆ ಬಂದಿದ್ದ ಎಂಟನೆಯ ತರಗತಿಯ ಹುಡುಗ ಬೆಕ್ಕಿನಂತೆ ನುಸುಳಿ ಕೆಳಗಿನಿಂದ ನನ್ನನ್ನು ಕರೆದ. ಹಾಯಿಹಡಗುಗಳ ಕಾಲದಲ್ಲಿ ಬ್ರಿಟಿಷ್ ಯುದ್ಧನೌಕೆಗಳು ತೋಪಿನ ಮದ್ದು ಹೊತ್ತು ಓಡಾಡಲು ಹುಡುಗರನ್ನು ಇಟ್ಟುಕೊಳ್ಳುತ್ತಿದ್ದವು ಎಂದು ಓದಿದ್ದೆ. ಏಕೆ ಎಂಬುದು ಆ ಏಣಿಯ ಮೇಲೆ ನಿಂತಾಗ ಮೈಗೆ ಗೊತ್ತಾಯಿತು. ಮಕ್ಕಳು ಸಣ್ಣ ಜಾಗದಲ್ಲಿ ಹಿಡಿಸುತ್ತಾರೆ, ಕಡಿಮೆ ಉಣ್ಣುತ್ತಾರೆ, ಕಡಿಮೆ ಉಸಿರಾಡುತ್ತಾರೆ. 18 ವರ್ಷದೊಳಗಿನವರನ್ನು ನೇರ ಕದನಕ್ಕೆ ಇಳಿಸಬಾರದೆಂದು ವಿಶ್ವಸಂಸ್ಥೆ 2000ದಲ್ಲಿಯೇ ಐಚ್ಛಿಕ ಒಡಂಬಡಿಕೆಯನ್ನು ಅಂಗೀಕರಿಸಿದೆ. ನನ್ನ ಕಾದಂಬರಿಯ ಸೇನೆ ಅದನ್ನು ಮೀರುವುದಿಲ್ಲ; ಮಕ್ಕಳನ್ನು “ದುರಸ್ತಿ ಸಹಾಯಕರು” ಎಂದು ಕಾಗದದಲ್ಲಿ ಬರೆದುಕೊಂಡು ಸರಕು ನೌಕೆಗೆ ಹತ್ತಿಸುತ್ತದೆ, ಅಷ್ಟೆ.

ಮಕ್ಕಳಲ್ಲಿ ಒಬ್ಬನಾದರೂ ಶತ್ರುವಿನ ಮೇಲೆ ಗುಂಡು ಹಾರಿಸಲಿ ಎಂದು ನನಗೆ ಹೇಳಿದವರು ಬಹಳ ಮಂದಿ. ಇಲ್ಲಿ ಬೆಳೆದವರಿಗೆ ಆ ಆಸೆ ಸಹಜ. ಅಭಿಮನ್ಯು ಕಾಳಗದ ಪ್ರಸಂಗದಲ್ಲಿ ಚಂಡೆಯ ಪೆಟ್ಟಿಗೆ ಹುಡುಗ ಗಿರಕಿ ಹೊಡೆದು ಚಕ್ರವ್ಯೂಹಕ್ಕೆ ನುಗ್ಗುವಾಗ ನಾನೂ ರಾತ್ರಿಯಿಡೀ ಎಚ್ಚರವಿದ್ದವಳೇ. ಆದರೆ ಆ ಹುಡುಗನನ್ನು ಒಳಗೆ ಕಳಿಸಿದ ದೊಡ್ಡಪ್ಪನ ಮುಖವನ್ನು ನಾನು ಈಗ ಹೆಚ್ಚು ನೋಡುತ್ತೇನೆ. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಹಿಂತಿರುಗಿಸುವಾಗ, ಶತ್ರುವಿಗೆ ನೆರೆಯ ದೇಶದ ಹೆಸರಿಟ್ಟರೆ ಮತ್ತು ಲೆಕ್ಕಗಳನ್ನು ತೆಗೆದರೆ ಯೋಚಿಸಬಹುದು ಎಂದು ಬರೆದರು. ಎರಡನ್ನೂ ನಾನು ಮಾಡಲಿಲ್ಲ.

ಭಾಷೆಯ ತೊಡಕು ನಾನು ಹೆದರಿದಷ್ಟು ಇರಲಿಲ್ಲ. ಚುಕ್ಕಾಣಿ, ಲಂಗರು, ಧಕ್ಕೆ, ತಾಂಡೇಲ ಎಂಬ ಮಾತುಗಳು ಬಾಹ್ಯಾಕಾಶಕ್ಕೂ ಸಲೀಸಾಗಿ ನಡೆದವು. ಏರ್‌ಲಾಕ್‌ಗೆ ನಾನು ಕಟ್ಟಿದ ಸಂಸ್ಕೃತ ಸಮಾಸವನ್ನು ಕೇಳಿ ತರಗತಿಯೆಲ್ಲ ನಕ್ಕ ಮೇಲೆ, ಮಕ್ಕಳೇ ಸೂಚಿಸಿದ “ಎರಡು ಬಾಗಿಲ ಕೋಣೆ” ಉಳಿಯಿತು.

ಕೊನೆಯ ಭಾಗವನ್ನು ಬೈತಖೋಲದ ಆ ಹುಡುಗಿಯೇ ಬರೆಸಿದಳು ಎಂದರೂ ತಪ್ಪಿಲ್ಲ. ನನ್ನ ಕಥೆಯಲ್ಲಿ ಗಣಪು ಎಂಬ ಹುಡುಗ ನಲವತ್ತನೆಯ ದಿನ, ಹೊರಗಿನ ಕೊಳವೆಯನ್ನು ಸರಿಪಡಿಸಿ ಬರುವಾಗ ಸಾಯುತ್ತಾನೆ. ಅದನ್ನು ಓದಿದ ಶನಿವಾರ ಎಲ್ಲರೂ ಸುಮ್ಮನಿದ್ದರು, ಈ ಸಲದ ಮೌನ ಬೇರೆ ಬಗೆಯದು. ಅವಳು ಮಾತ್ರ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಏನನ್ನೋ ಗುಣಿಸಿ, “ಅಕ್ಕೋರೇ, ಅವನ ಪಾಲಿನ ಗಾಳಿ ಉಳೀತಲ್ಲ?” ಎಂದಳು. ಉಳಿದ ದಿನ 21, ದಿನಕ್ಕೆ 0.84ರಂತೆ 17.64 ಕಿಲೋಗ್ರಾಂ. ನೌಕೆಯಲ್ಲಿ ಎಲ್ಲದರ ಲೆಕ್ಕವಿಟ್ಟ ನಾನು ಅದೊಂದನ್ನು ಬಿಟ್ಟಿದ್ದೆ, ಬಹುಶಃ ಬೇಕೆಂದೇ.

ಆ ವಾರ ಬರೆಯಲು ಕೂತರೆ ಒಂದು ಸಾಲೂ ಏಳಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲಿನಾಚೆಯ ಮನೆಯವರೊಬ್ಬರು ಕಡಲಿನಿಂದ ಮರಳಲಿಲ್ಲ. ದೋಣಿಯ ದುಡಿಮೆ ಪಾಲಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಆ ಹಂಗಾಮು ಮುಗಿಯುವವರೆಗೂ ತಾಂಡೇಲ ಅವರ ಪಾಲನ್ನು ತಂದು ಅವರ ಹೆಂಡತಿಯ ಕೈಗೆ ಕೊಟ್ಟು, ಜಗುಲಿಯ ಮೇಲೆ ಕೂರದೆ ಹಾಗೆಯೇ ಹೊರಟುಹೋಗುತ್ತಿದ್ದ. ಆ ನೆನಪು ಬಂದ ಮೇಲೆ ಒಂದೇ ರಾತ್ರಿಯಲ್ಲಿ ಅಧ್ಯಾಯ ಮುಗಿಯಿತು. ಆರು ಮಕ್ಕಳು ಆ ಗಾಳಿಯನ್ನು ಮುಟ್ಟುವುದಿಲ್ಲ. ಕೊನೆಯ ನಾಲ್ಕು ದಿನ ಅದನ್ನು ಬಳಸಿದ್ದರೆ ಅವರ ತಲೆನೋವು ಹೋಗುತ್ತಿರಲಿಲ್ಲ, ಆದರೆ ಹೆದರಿಕೆ ಕಡಿಮೆಯಾಗುತ್ತಿತ್ತು ಎಂಬುದು ಅವರಿಗೂ ಗೊತ್ತು. ರಕ್ಷಣಾ ನೌಕೆಯ ಅಧಿಕಾರಿ ಬಂದು ದಾಸ್ತಾನಿನ ಪುಸ್ತಕ ಕೇಳಿದಾಗ ಮೈತ್ರಿ ಅದನ್ನು ಕೊಡುತ್ತಾಳೆ. ಕೊನೆಯ ಪುಟದಲ್ಲಿ ಅವಳ ಕೈಬರಹದಲ್ಲಿ ಇರುವುದು ಇಷ್ಟು: ಒಟ್ಟು 427, ಖರ್ಚು 406, ಗಣಪುವಿನ ಮನೆಗೆ ಸಲ್ಲಬೇಕಾದ ಬಾಕಿ 21.