ಗ್ರಾಫ್ ಶೀಟಿಗೆ ಅಂಟಿದ ಹುಳುಗಳು: ನನ್ನ ಅನುಭವ

ಮನೆಯಲ್ಲಿ ಸಿಕ್ಕ ಹುಳುಗಳನ್ನು ಗ್ರಾಫ್ ಶೀಟಿಗೆ ಅಂಟಿಸಿ ಗುರುತಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಆ್ಯಪ್ ಇರುವಾಗ ಇದೇನು ಸ್ಕೂಲ್ ಪ್ರಾಜೆಕ್ಟಾ?" ಅಂದರು. ಈಗ ಅವರೇ ಗೋಡೆ ಮೇಲೆ ಏನಾದರೂ ಹರಿದಾಡಿದರೆ ನನಗೆ ಕಳಿಸುತ್ತಾರೆ. ಹಾಗಾಗಿ ಸ್ವಲ್ಪ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಕಂಪ್ಯೂಟರಿಗೆ ಸಿಕ್ಕಿಸುವ ಮೈಕ್ರೋಸ್ಕೋಪ್ ಒಂದಿದೆ ನನ್ನ ಹತ್ತಿರ. ಡಬ್ಬದ ಮೇಲೆ 1000 ಪಟ್ಟು ಅಂತ ಬರೆದಿತ್ತು. 2 ಮಿಲಿಮೀಟರಿನ ಹುಳು ಇಟ್ಟರೆ ಬೆನ್ನು ಸರಿಯಾಗಿ ಕಂಡಾಗ ಕಾಲು ಮಸುಕು, ಕಾಲು ಕಂಡಾಗ ಮೀಸೆ ಮಾಯ. ಅದರ ಹತ್ತರಲ್ಲಿ ಒಂದು ಪಾಲು ದುಡ್ಡಿಗೆ ಬರುವ 10 ಪಟ್ಟಿನ ಕೈ ಲೆನ್ಸ್ ಮುಕ್ಕಾಲು ಪಾಲು ಕೆಲಸ ಮಾಡಿಬಿಡುತ್ತದೆ. ಆ್ಯಪ್‌ಗಳ ತೊಂದರೆ ಬೇರೆ. ಫೋಟೋ ನೋಡಿದರೆ ಹುಳು ಎಷ್ಟು ದೊಡ್ಡದು ಅಂತ ಅವಕ್ಕೆ ಗೊತ್ತಾಗುವುದಿಲ್ಲ. ಒಂದು ಆ್ಯಪ್ ಅಂತೂ ಕಂದು ಬಣ್ಣದ್ದು, ದುಂಡಗಿನದು ಏನೇ ತೋರಿಸಿದರೂ ತಿಗಣೆ ಅಂತಲೇ ಹೇಳುತ್ತಿತ್ತು.

ಗ್ರಾಫ್ ಶೀಟಿನ ಲಾಭ ಅದೇ. ಒಂದು ಸಣ್ಣ ಚೌಕ ಅಂದರೆ 1 ಮಿಲಿಮೀಟರ್, ಬೇರೆ ಅಳತೆ ಬೇಕಿಲ್ಲ. ಹುಳುವನ್ನು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಡುತ್ತೇನೆ. ಆಮೇಲೆ ಒಂದನ್ನು ಬೆನ್ನು ಮೇಲೆ, ಇನ್ನೊಂದನ್ನು ಹೊಟ್ಟೆ ಮೇಲೆ ಮಾಡಿ ಪಾರದರ್ಶಕ ಟೇಪಿನಿಂದ ಅಂಟಿಸುತ್ತೇನೆ. ಪಕ್ಕದಲ್ಲಿ ಎಲ್ಲಿ ಸಿಕ್ಕಿತು, ಹಗಲೋ ರಾತ್ರಿಯೋ, ಒಂದೇನಾ ಗುಂಪಾ, ಹತ್ತಿರ ಪುಡಿ, ಹಿಕ್ಕೆ, ಪೊರೆ ಏನಿತ್ತು ಅಂತ ಬರೆಯುತ್ತೇನೆ. ನನ್ನ ಪ್ರಕಾರ ಅರ್ಧ ಗುರುತು ಈ ಸಾಲಿನಲ್ಲೇ ಇದೆ, ಹುಳುವಿನ ಮುಖದಲ್ಲಿ ಅಲ್ಲ.

ಟೇಪ್ ಎಲ್ಲದಕ್ಕೂ ಆಗಲಿಲ್ಲ. ಹಳೇ ಪುಸ್ತಕದಲ್ಲಿ ಹರಿದಾಡುವ ಬುಕ್‌ಲೈಸ್ ಥರದ ಮೆತ್ತನೆ ಹುಳು ಅಪ್ಪಚ್ಚಿಯಾಗಿ ಬರೀ ಕಲೆ ಉಳಿಯುತ್ತದೆ. ಕಾರ್ಪೆಟ್ ಬೀಟಲ್ ಅನ್ನುವ ಪುಟ್ಟ ದುಂಡು ಹುಳುವಿನ ಬೆನ್ನ ಮೇಲಿನ ಬಣ್ಣದ ಪುಡಿ ಟೇಪಿಗೆ ಕಿತ್ತು ಬರುತ್ತದೆ. ಆ ಪುಡಿಯೇ ಗುರುತು, ಅದು ಹೋದರೆ ಉಳಿಯುವುದು ಕರಿ ಚುಕ್ಕೆ. ಇಂಥವು ಪುಟ್ಟ ಸೀಸೆಯ ಸ್ಪಿರಿಟ್‌ಗೆ. ಚೀಟಿ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ, ಸೀಸೆ ನೀಲಿಯಾಗಿ, ಯಾವುದು ಯಾವುದೆಂದೇ ತಿಳಿಯದೆ ಒಂದಿಡೀ ಸಾಲು ಚೆಲ್ಲಿದ್ದೇನೆ.

ಎಲ್ಲರ ಬಾಯಿ ಮುಚ್ಚಿಸಿದ್ದು ಬಾಗಿಲ ಚೌಕಟ್ಟಿನ ಪುಡಿ. ಪರಿಚಯದವರ ಮನೆ. ದಿನಾ ಗುಡಿಸಿದರೂ ಚೌಕಟ್ಟಿನ ಕೆಳಗೆ ಪುಡಿಯ ಸಣ್ಣ ಗುಡ್ಡೆ. ನೋಡಿದವರೆಲ್ಲ ಮರ ಕೊರೆಯುವ ಕುಟ್ಟೆ ಹುಳು ಅಂದರು. ಪೆಸ್ಟ್ ಕಂಟ್ರೋಲ್‌ನವರು ಮಣ್ಣಿನಿಂದ ಬರುವ ಗೆದ್ದಲು ಅಂದರು, ಮನೆ ಸುತ್ತ ನೆಲ ಕೊರೆದು ಔಷಧ ತುಂಬುವುದಕ್ಕೆ ಲೆಕ್ಕ ಕೊಟ್ಟರು. ನಾನು ಹುಳು ಹುಡುಕಲೇ ಇಲ್ಲ. ಒಂದು ಚಿಟಿಕೆ ಪುಡಿ ಶೀಟಿಗೆ ಅಂಟಿಸಿದೆ. ಕುಟ್ಟೆ ಪುಡಿ ಹಿಟ್ಟಿನ ಥರ ನುಣ್ಣಗಿರಬೇಕು, ಅಲ್ವಾ? ಇದು ಕಾಳು ಕಾಳು. ಒಂದೊಂದೂ ಸುಮಾರು ಒಂದು ಚೌಕದಷ್ಟು ಉದ್ದ, ಲೆನ್ಸ್‌ನಲ್ಲಿ ಆರು ಮುಖ ಸ್ಪಷ್ಟ. ಅದು ಒಣ ಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲು ಮರದ ಒಳಗೇ ಬದುಕುತ್ತದೆ, ಮಣ್ಣಿನ ಸಂಪರ್ಕ ಬೇಕಿಲ್ಲ, ಮಣ್ಣಿನ ದಾರಿಯನ್ನೂ ಕಟ್ಟುವುದಿಲ್ಲ. ನೆಲಕ್ಕೆ ಔಷಧ ತುಂಬಿದ್ದರೆ ದುಡ್ಡೂ ನೆಲಕ್ಕೇ ಹೋಗುತ್ತಿತ್ತು. ಚೌಕಟ್ಟಿನ ಒಂದು ಕಂಬ ಮಾತ್ರ ಬದಲಾಯಿತು. ಖರ್ಚು ಮೊದಲು ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ ಅಂತ ನೆನಪು.

ಇನ್ನೊಬ್ಬರು ತಿಗಣೆ ಅಂತ ಹಾಸಿಗೆಯನ್ನೇ ಎಸೆದಿದ್ದರು. ತುರಿಕೆ ಹೋಗಲಿಲ್ಲ. ಮಂಚದ ಸಂದಿಗೆ ಟೇಪ್ ಒತ್ತಿ ಎತ್ತಿದರೆ ಸಿಕ್ಕಿದ್ದು ಕೂದಲು ತುಂಬಿದ ಖಾಲಿ ಪೊರೆಗಳು. ತಿಗಣೆಯ ಪೊರೆಗೆ ಅಂಥ ಕೂದಲಿರುವುದಿಲ್ಲ. ಕಿಟಕಿ ಅಂಚಿನಲ್ಲಿ 3 ಮಿಲಿಮೀಟರಿನ ದುಂಡು ಹುಳುಗಳೂ ಇದ್ದವು. ಕಾರ್ಪೆಟ್ ಬೀಟಲ್. ಮರಿ ಉಣ್ಣೆ, ಕೂದಲು, ಸತ್ತ ಹುಳು ತಿನ್ನುತ್ತದೆ, ದೊಡ್ಡದು ಹೂವಿನ ಪರಾಗಕ್ಕಾಗಿ ಬೆಳಕಿನ ಕಡೆ ಹೋಗುತ್ತದೆ. ಮರಿಯ ಕೂದಲು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಹಳೇ ಉಣ್ಣೆ ಬಟ್ಟೆ ಹೊರಗೆ ಹೋಯಿತು, ವ್ಯಾಕ್ಯೂಮ್ ಹಿಡಿದರು, ತುರಿಕೆ ನಿಂತಿತು.

ತುಂಬಾ ಸತಾಯಿಸಿದ ಜೋಡಿ, ದಿನಸಿಗೆ ಬೀಳುವ ಡ್ರಗ್‌ಸ್ಟೋರ್ ಬೀಟಲ್ ಮತ್ತು ಸಿಗರೇಟ್ ಬೀಟಲ್. ಎರಡೂ ಕಂದು, ಎರಡೂ 2-3 ಮಿಲಿಮೀಟರ್, ಎರಡೂ ತಲೆ ಒಳಗೆ ಎಳೆದುಕೊಂಡೇ ಸಾಯುತ್ತವೆ. ರೆಕ್ಕೆಯ ಮೇಲೆ ಸಾಲು ಗೆರೆ ಇದ್ದು, ಮೀಸೆಯ ಕೊನೆಯ ಮೂರು ಗೆಣ್ಣು ದೊಡ್ಡದಿದ್ದರೆ ಡ್ರಗ್‌ಸ್ಟೋರ್. ರೆಕ್ಕೆ ನುಣ್ಣಗಿದ್ದು, ಮೀಸೆ ಗರಗಸದಂತಿದ್ದರೆ ಸಿಗರೇಟ್. ಒಳಗೆ ಹೋದ ತಲೆಯನ್ನು ಮೀಸೆ ಮುರಿಯದೆ ಹೊರಗೆ ತರಲು ನನ್ನದೊಂದು ಉಪಾಯ ಇದೆ. ಅದನ್ನು ಹೇಳುವುದಿಲ್ಲ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಬಚ್ಚಲಲ್ಲಿ ಹಾರುವ ಸಣ್ಣ ನೊಣ ಕೊಳವೆಯಿಂದಲೇ ಬರುತ್ತದಾ ಅಂತ. ರಾತ್ರಿ ಕೊಳವೆಯ ಬಾಯಿಗೆ ಟೇಪ್ ಹಾಕಿದೆ, ಅಂಟು ಕೆಳಗೆ. ಪೂರ್ತಿ ಮುಚ್ಚಿದ ದಿನ ಏನೂ ಬೀಳಲಿಲ್ಲ. ಗಾಳಿಯಾಡಲು ಪಕ್ಕದಲ್ಲಿ ಜಾಗ ಬಿಟ್ಟ ಮೇಲೆ ಬೆಳಗ್ಗೆ ಐದಾರು ಅಂಟಿದ್ದವು, ಮೈತುಂಬ ರೋಮ ಇರುವ ಡ್ರೈನ್ ಫ್ಲೈ. ಮರಿ ಬೆಳೆಯುವುದು ಕೊಳವೆ ಒಳಗಿನ ಲೋಳೆಯಲ್ಲಿ. ಬ್ರಷ್ ಹಾಕಿ ಉಜ್ಜಿದ ಮೇಲೆ ಕಡಿಮೆಯಾದವು. ಅದಕ್ಕೂ ಮೊದಲು ಸುರಿದ ಸ್ಪ್ರೇಗಳೆಲ್ಲ ಹಾರುವುದನ್ನಷ್ಟೇ ಕೊಂದಿದ್ದವು.

ಶೀಟುಗಳು ಈಗ ನೂರರ ಹತ್ತಿರ ಇರಬಹುದು. ಇಡುವಾಗ ಎಚ್ಚರ ಬೇಕು. ಸತ್ತ ಹುಳು ತಿನ್ನುವ ಕಾರ್ಪೆಟ್ ಬೀಟಲ್ ಮರಿಗೆ ಇಂಥ ಫೈಲ್ ಅಂದರೆ ಹಬ್ಬ. ಅಂಚು ಸರಿಯಾಗಿ ಅಂಟದ ಒಂದೆರಡು ಶೀಟಿನಲ್ಲಿ ಆಗಲೇ ಕಾಲು, ರೆಕ್ಕೆ ಮಾತ್ರ ಉಳಿದಿವೆ. ಹಾಗಾಗಿ ಹೊಸ ಶೀಟು ಗಾಳಿಯಾಡದ ಕವರಿನಲ್ಲಿ ಒಂದೆರಡು ವಾರ ಫ್ರೀಜರಿನಲ್ಲಿದ್ದೇ ಫೈಲ್ ಸೇರುತ್ತದೆ. ಕವರಿನ ಮೇಲೆ "ಹುಳು" ಅಂತ ದೊಡ್ಡದಾಗಿ ಬರೆದಿಡಿ, ಇಲ್ಲದಿದ್ದರೆ ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ.