ಎಲೆಕ್ಟ್ರಿಕ್ ಕಾರು ಲೀಸಿಗೆ: ತಿಂಗಳ ಬಾಡಿಗೆ ನೋಡಿ ಸಹಿ ಹಾಕಬೇಡಿ

ಎಲೆಕ್ಟ್ರಿಕ್ ಕಾರನ್ನು ಲೀಸಿಗೆ ಪಡೆಯಲು ಹೊರಟವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ‘ತಿಂಗಳಿಗೆ ಎಷ್ಟು ಬೀಳುತ್ತೆ?’ ಉತ್ತರ ಕೈಗೆಟುಕುವಂತಿದ್ದರೆ ಅಲ್ಲೇ ಸಹಿ. ಕಾರು ವಾಪಸ್ ಕೊಡುವ ದಿನ ಕಿಲೋಮೀಟರ್ ಮೀರಿದೆ, ಅಡಿಭಾಗ ಉಜ್ಜಿದೆ, ಟಯರ್ ಸವೆದಿದೆ ಎಂದು ಪಟ್ಟಿ ಬಂದಾಗ ಕರಾರು ಪತ್ರ ಎಲ್ಲಿಟ್ಟಿದ್ದೇವೆ ಎಂದು ಹುಡುಕುತ್ತಾರೆ. ದೊಡ್ಡ ನಗರದ ಓಡಾಟವನ್ನು ಮನಸ್ಸಿನಲ್ಲಿಟ್ಟು ಬರೆದ ಕರಾರು ನಮ್ಮ ಮಲೆನಾಡಿನ ಸಕಲೇಶಪುರ, ಮೂಡಿಗೆರೆ, ಕೊಪ್ಪದ ರಸ್ತೆಗಳಿಗೆ ಹಾಗೆಯೇ ಒಗ್ಗುವುದಿಲ್ಲ. ಅದನ್ನು ನಮಗೆ ಬೇಕಾದಂತೆ ತಿದ್ದಿಸಿಕೊಳ್ಳಲು ಸಾಧ್ಯವಿರುವುದು ಸಹಿ ಹಾಕುವ ಮೊದಲು ಮಾತ್ರ.

1. ಮೊದಲು ಲೆಕ್ಕ

ಮನೆ ಲೀಸಿನಂತೆ ಒಟ್ಟಿಗೆ ದುಡ್ಡು ಕೊಟ್ಟು, ಬಿಡುವಾಗ ಪೂರ್ತಿ ವಾಪಸ್ ಪಡೆಯುವ ವ್ಯವಹಾರ ಇದಲ್ಲ. ತಿಂಗಳ ಬಾಡಿಗೆ ಹೋದದ್ದು ಹೋಯಿತು, ಕೊನೆಗೆ ಕಾರೂ ನಿಮ್ಮದಲ್ಲ. ಮರಳಿ ಬರುವುದು ಠೇವಣಿ ಮಾತ್ರ, ಅದೂ ಕಡಿತ ಕಳೆದು.

ಒಂದು ಮಾದರಿ ಲೆಕ್ಕ ನೋಡಿ. 15 ಲಕ್ಷದ ಕಾರು. 3 ಲಕ್ಷ ಕೈಯಿಂದ ಹಾಕಿ, 12 ಲಕ್ಷವನ್ನು ಶೇ 9ರ ಬಡ್ಡಿಗೆ 48 ತಿಂಗಳ ಸಾಲ ಮಾಡಿದರೆ ಕಂತು ಸುಮಾರು 29,860 ರೂಪಾಯಿ. ಮುಂಗಡ ಸೇರಿ ನಾಲ್ಕು ವರ್ಷಕ್ಕೆ 17.33 ಲಕ್ಷ, ವಿಮೆ ಮತ್ತು ಸರ್ವಿಸ್‌ಗೆ 2 ಲಕ್ಷ ಇಟ್ಟುಕೊಂಡರೆ 19.33 ಲಕ್ಷ. ಅದೇ ಕಾರು ವಿಮೆ, ಸರ್ವಿಸ್ ಎಲ್ಲ ಸೇರಿ ತಿಂಗಳಿಗೆ 33,000ಕ್ಕೆ ಲೀಸಿಗೆ ಸಿಕ್ಕರೆ 15.84 ಲಕ್ಷ. ವ್ಯತ್ಯಾಸ ಸುಮಾರು 3.5 ಲಕ್ಷ. ನಾಲ್ಕು ವರ್ಷದ ನಂತರ ಆ ಕಾರು 3.5 ಲಕ್ಷಕ್ಕಿಂತ ಹೆಚ್ಚಿಗೆ ಮಾರಾಟವಾಗುತ್ತದೆ ಅನ್ನಿಸಿದರೆ ಕೊಳ್ಳುವುದೇ ಅಗ್ಗ. ನಿಮಗೆ ಬಂದ ಕೊಟೇಶನ್‌ನ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ.

ಕಾರನ್ನು ಏಳೆಂಟು ವರ್ಷ ಓಡಿಸುವವರು, ಕೈಯಲ್ಲಿ ಹಣ ಇರುವವರು ಕೊಂಡುಬಿಡಿ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಈಗ ಸಾಮಾನ್ಯ. ಲೀಸ್ ನಿಜಕ್ಕೂ ಲಾಭವಾಗುವುದು ಕಂಪನಿಯೇ ಸಂಬಳದ ಭಾಗವಾಗಿ ಲೀಸ್ ಮಾಡಿಕೊಡುವ ನೌಕರರಿಗೆ, ಬಾಡಿಗೆಯನ್ನು ವ್ಯವಹಾರದ ಖರ್ಚಿಗೆ ಹಾಕಬಲ್ಲ ವ್ಯಾಪಾರಸ್ಥರಿಗೆ, ವರ್ಗಾವಣೆಯಾಗುತ್ತಲೇ ಇರುವವರಿಗೆ. ಬೆಳೆ ಬೆಳೆದು ಮಾರುವುದಷ್ಟೇ ಆದಾಯವಾಗಿರುವ ಕೃಷಿಕರಿಗೆ ‘ತೆರಿಗೆ ಉಳಿಯುತ್ತೆ’ ಎಂದು ಲೀಸ್ ಮಾರಲು ಬಂದರೆ ನಂಬಬೇಡಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದಿರುವಾಗ ಉಳಿಯುವುದೇನು?

ಬ್ಯಾಟರಿ ಮಾತ್ರ ಬಾಡಿಗೆಗೆ ಕೊಡುವ ಯೋಜನೆ ಬೇರೆ. 2024ರಲ್ಲಿ ಎಂಜಿ ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ 3.5 ರೂಪಾಯಿ ಎಂದಿತ್ತು. ಅಲ್ಲಿ ಕಾರು ನಿಮ್ಮದೇ. ಆದರೆ ತಿಂಗಳಿಗೆ ಕನಿಷ್ಠ 1,500 ಕಿ.ಮೀ. ಎಂಬ ಷರತ್ತು ಇದ್ದರೆ, ಕಾರು ಶೆಡ್ಡಿನಲ್ಲೇ ನಿಂತರೂ 5,250 ರೂಪಾಯಿ ಕಟ್ಟಬೇಕು. ಕಡಿಮೆ ಓಡಿಸುವವರಿಗೆ ಇದು ಬೇಡ.

2. ಮನೆಯ ವಿದ್ಯುತ್ ನೋಡಿಸಿ

ಕಾರು ಬುಕ್ ಮಾಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ. 16 ಆ್ಯಂಪ್ ಸಾಕೆಟ್‌ನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. 45 ಯೂನಿಟ್‌ನ ಬ್ಯಾಟರಿಗೆ ಹದಿನೈದು ಗಂಟೆ. ಮಳೆಗಾಲದಲ್ಲಿ ಅರ್ಧ ರಾತ್ರಿ ಕರೆಂಟ್ ಇರದ ಊರಿಗೆ ಇದು ಸಾಲದು, 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ. ಅದಕ್ಕೆ ಬೋರ್ಡಿನಿಂದ ಪ್ರತ್ಯೇಕ ಲೈನು, 6 ಚದರ ಮಿ.ಮೀ. ತಾಮ್ರದ ವೈರು, 30 ಮಿಲಿ ಆ್ಯಂಪ್ ಕರೆಂಟ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಬಿಒ (ಸುರಕ್ಷತಾ ಸ್ವಿಚ್), ಸ್ವಂತ ಅರ್ತ್ ಗುಂಡಿ ಬೇಕು. ಮಂಜೂರಾದ ಲೋಡ್ ಸಾಲದಿದ್ದರೆ ನಿಮ್ಮ ವಿದ್ಯುತ್ ಕಂಪನಿಗೆ, ಅಂದರೆ ಹಾಸನ ಜಿಲ್ಲೆಯವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಹಾಕಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ ಇಟ್ಟರೆ 5 ವೋಲ್ಟ್ ಒಳಗೆ ಬರಬೇಕು. ಅರ್ತಿಂಗ್ ಕೆಟ್ಟಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ, ಜನ ಕಾರನ್ನು ಬೈಯುತ್ತಾರೆ. ಬೇಸಿಗೆಯಲ್ಲಿ ಗುಂಡಿ ಒಣಗದಂತೆ ನೀರು ಹಾಕುತ್ತಿರಿ.

ತೋಟದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡುವ ಅಡ್ಡದಾರಿ ಬೇಡವೇ ಬೇಡ. ಆ ಸಂಪರ್ಕ ನೀರೆತ್ತುವುದಕ್ಕೆ ಮಾತ್ರ. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸ್‌ಗಳನ್ನೂ ದೂರವಿಡಿ. ಗಂಟೆಗಟ್ಟಲೆ 13–14 ಆ್ಯಂಪ್ ಹರಿದರೆ ಅವುಗಳ ಪಿನ್ ಹಿಡಿಯುವ ಜಾಗ ಕರಗುತ್ತದೆ.

ಬಾಡಿಗೆ ಕಡಿಮೆ ಎಂದು ಚಿಕ್ಕ ಬ್ಯಾಟರಿಯ ಮಾಡೆಲ್ ಹಿಡಿಯಬೇಡಿ. ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಏರುವಾಗ ಆ ಎತ್ತರಕ್ಕೇ ಮಾಮೂಲಿಗಿಂತ ಸುಮಾರು 4 ಯೂನಿಟ್ ಹೆಚ್ಚು ಖರ್ಚಾಗುತ್ತದೆ.

3. ಅರ್ಜಿ

ಪ್ಯಾನ್, ಆಧಾರ್, ಸಂಬಳದ ಚೀಟಿ ಅಥವಾ ಎರಡು ವರ್ಷದ ಐಟಿ ರಿಟರ್ನ್ಸ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಿಟ್ಟುಕೊಂಡು ಕನಿಷ್ಠ ಮೂರು ಕಡೆ ಕೊಟೇಶನ್ ಪಡೆಯಿರಿ. ಜಿಎಸ್‌ಟಿ ಸೇರಿದ ಅಂಕಿಯನ್ನೇ ಕೇಳಿ.

4. ಕರಾರು: ಇಲ್ಲಿ ಅವಸರ ಬೇಡ

ಕರಾರಿನ ಕರಡನ್ನು ಮೊದಲೇ ತರಿಸಿಕೊಂಡು ಮನೆಯಲ್ಲಿ ಕೂತು ಓದಿ. ‘ಆಫೀಸಿಗೆ ಬನ್ನಿ ಸರ್, ಅಲ್ಲೇ ಸಹಿ ಮಾಡೋಣ’ ಎಂದರೆ ಒಪ್ಪಬೇಡಿ.

ಕಿಲೋಮೀಟರ್ ಮಿತಿಯಿಂದ ಶುರು ಮಾಡಿ. ಸಕಲೇಶಪುರದಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ ದಿನಕ್ಕೆ 80, ತಿಂಗಳಿಗೆ 25 ದಿನ ಹಿಡಿದರೆ 2,000, ವರ್ಷಕ್ಕೆ 24,000 ಕಿ.ಮೀ. ಇವರು ಬಾಡಿಗೆ ಇಳಿಯುತ್ತದೆಂದು 18,000ದ ಮಿತಿಗೆ ಒಪ್ಪಿದರೆ ನಾಲ್ಕು ವರ್ಷಕ್ಕೆ 24,000 ಕಿ.ಮೀ. ಹೆಚ್ಚಾಗುತ್ತದೆ. ಹೆಚ್ಚುವರಿ ದರ ಕಿ.ಮೀ.ಗೆ 8 ರೂಪಾಯಿ ಎಂದಿಟ್ಟುಕೊಂಡರೂ 1.92 ಲಕ್ಷ, ಒಂದೇ ಬಾರಿಗೆ. ಭಾನುವಾರದ ಓಡಾಟ, ಮದುವೆ, ಆಸ್ಪತ್ರೆ, ಮಳೆಗಾಲದಲ್ಲಿ ಘಾಟಿ ಮುಚ್ಚಿದಾಗಿನ ಸುತ್ತುದಾರಿ ಇದರಲ್ಲಿ ಸೇರಿಲ್ಲ. ನಿಮ್ಮ ಲೆಕ್ಕಕ್ಕೆ ಶೇ 15 ಸೇರಿಸಿ ಮಿತಿ ಕೇಳಿ. ಲೆಕ್ಕ ವರ್ಷಕ್ಕೊಮ್ಮೆಯೋ ಅವಧಿಯ ಕೊನೆಗೋ ಎಂಬುದೂ ಬರಹದಲ್ಲಿರಲಿ. ಕೊನೆಗೆ ಇದ್ದರೆ ಒಂದು ವರ್ಷ ಉಳಿದದ್ದು ಇನ್ನೊಂದು ವರ್ಷಕ್ಕೆ ಸರಿಹೋಗುತ್ತದೆ.

ಎರಡನೆಯದು ನೋಂದಣಿ. ಕೆಲವು ಕಂಪನಿಗಳು ತಮ್ಮ ಅನುಕೂಲಕ್ಕೆ ಹೊರರಾಜ್ಯದಲ್ಲಿ ನೋಂದಣಿಯಾದ ಕಾರು ಕೊಡುತ್ತವೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿನ ನಂಬರ್ ಪಡೆಯಲೇಬೇಕು, ಆ ಅಲೆದಾಟ ನಿಮ್ಮ ತಲೆಗೆ. ಕೆಎ ನೋಂದಣಿಯೇ ಬೇಕೆಂದು ಹಟ ಹಿಡಿಯಿರಿ. ಸ್ವಂತ ಬಳಕೆಯ ಎಲೆಕ್ಟ್ರಿಕ್ ಕಾರಿನ ಪ್ಲೇಟು ಹಸಿರು, ಅಕ್ಷರ ಬಿಳಿ. ಹಳದಿ ಅಕ್ಷರವಿದ್ದರೆ ಅದು ಟ್ಯಾಕ್ಸಿಯಂಥ ವಾಣಿಜ್ಯ ವಾಹನ.

ಮೂರನೆಯದು ವಿಮೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, ಲೀಸ್ ಕರಾರಿನ ಮೇಲೆ ವಾಹನವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರೂ ‘ಮಾಲೀಕ’ರೇ. ವಿಮೆ ಇಲ್ಲದೆ ಓಡಿಸಿದರೆ ಹೊಣೆ ನಿಮ್ಮ ಮೇಲೂ ಬರಬಹುದು. ಆದ್ದರಿಂದ ಕಂಪನಿ ನವೀಕರಿಸುತ್ತದೆ ಎಂದು ಸುಮ್ಮನಿರದೆ ಪಾಲಿಸಿಯ ಪ್ರತಿ ತರಿಸಿಕೊಂಡು ದಿನಾಂಕ ನೋಡಿ. ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ವಿಮೆ) ಮತ್ತು ಬ್ಯಾಟರಿ ರಕ್ಷಣೆ ಎರಡೂ ಇರಲಿ. ಇಲಿ ವೈರ್ ಕಡಿದರೆ ವಿಮೆ ಕೊಡುತ್ತದೆಯೇ ಎಂದು ಕೇಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಮಾಮೂಲಿ. ಕಾರು ಪೂರ್ತಿ ಹಾಳಾದರೆ ವಿಮೆಯ ಹಣ ಲೀಸ್ ಕಂಪನಿಗೆ ಹೋಗುತ್ತದೆ. ಅವರ ಬಾಕಿಗೆ ಅದು ಸಾಲದಿದ್ದರೆ ಉಳಿದದ್ದನ್ನು ಯಾರು ತುಂಬಬೇಕು? ಆ ಸಾಲನ್ನು ಹುಡುಕಿ ಓದಿ.

ನಾಲ್ಕನೆಯದು ಅಡಿಭಾಗ. ನಮ್ಮ ಕಡೆಯವರು ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗ ಇದೇ. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯಡಿ, ಚಪ್ಪಟೆಯಾಗಿ. ಐದು ಜನ ಕೂತು ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿದರೆ ಕಾರು ತಗ್ಗುತ್ತದೆ. ತೋಟದ ದಾರಿಯಲ್ಲಿ ಎರಡು ಚಕ್ರದ ಜಾಡಿನ ನಡುವೆ ಎದ್ದ ಕಲ್ಲು ನೇರವಾಗಿ ಬ್ಯಾಟರಿ ಕವಚಕ್ಕೇ ತಾಗುತ್ತದೆ. ಗೀರು ಬಿದ್ದರೆ ಮಾಮೂಲಿ ಸವೆತ, ತಗ್ಗು ಬಿದ್ದರೆ ಹಾನಿ; ಕವಚ ಬಾಗಿದ್ದರೆ ಇಡೀ ಪ್ಯಾಕ್ ಬದಲಿಸಬೇಕೆಂದು ವರ್ಕ್‌ಶಾಪ್ ಹೇಳಬಹುದು. ಆದ್ದರಿಂದ ‘ಸಹಜ ಸವೆತ’ ಎಂದರೆ ಏನು, ಗೀರು ಎಷ್ಟು ಉದ್ದದವರೆಗೆ, ತಗ್ಗು ಎಷ್ಟು ಆಳದವರೆಗೆ ಎಂಬ ಅಳತೆಯ ಪಟ್ಟಿಯನ್ನು ಕರಾರಿಗೆ ಲಗತ್ತಿಸಲು ಹೇಳಿ. ಕಲ್ಲು ತಾಗಿದ ದಿನವೇ ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ. ಊರಿನ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ತಟ್ಟಿಸಿದರೆ ವಾರಂಟಿಯೂ ಹೋಗುತ್ತದೆ, ಕ್ಲೇಮೂ ಹೋಗುತ್ತದೆ. ಮನೆವರೆಗಿನ ದಾರಿಯೇ ಹಾಗಿದ್ದರೆ ಲೀಸ್ ಬಿಟ್ಟು ಸ್ವಂತಕ್ಕೆ ಕೊಳ್ಳಿ, ಇಲ್ಲವೇ ದಾರಿ ಸರಿಮಾಡಿಸಿ.

ಮಧ್ಯದಲ್ಲಿ ಬಿಡುವ ಷರತ್ತನ್ನು ರೂಪಾಯಿಯಲ್ಲಿ ಬರೆಸಿಕೊಳ್ಳಿ: 18ನೇ ತಿಂಗಳಿಗೆ ಬಿಟ್ಟರೆ ಎಷ್ಟು, 30ನೇ ತಿಂಗಳಿಗೆ ಎಷ್ಟು. ಸಂಬಳದ ಲೀಸ್ ಆದರೆ ಕೆಲಸ ಬಿಟ್ಟಾಗ ಏನಾಗುತ್ತದೆ ಎಂಬುದೂ ಅದರಲ್ಲಿರಲಿ. ಸರ್ವಿಸ್‌ಗೆ ಹಾಸನ ಅಥವಾ ಚಿಕ್ಕಮಗಳೂರಿನ ಕೇಂದ್ರದ ಹೆಸರಿರಲಿ. ಕೆಟ್ಟು ನಿಂತರೆ ಎಳೆದೊಯ್ಯುವ ಸೌಲಭ್ಯಕ್ಕೆ ಎಷ್ಟು ಕಿ.ಮೀ. ಮಿತಿ ಎಂದು ನೋಡಿ. 50 ಕಿ.ಮೀ. ಎಂದಿದ್ದರೆ ಕೊಟ್ಟಿಗೆಹಾರದಲ್ಲಿ ನಿಂತ ಕಾರನ್ನು ಮಂಗಳೂರಿಗೆ ಒಯ್ಯುವಾಗ ಉಳಿದ ದೂರದ ಖರ್ಚು ನಿಮ್ಮದೇ. ಟಯರ್ ಸೇರಿದೆಯೇ, ಎಷ್ಟು ಎಂದೂ ಕೇಳಿ. ಎಲೆಕ್ಟ್ರಿಕ್ ಕಾರು ಭಾರ, ಘಾಟಿಯ ತಿರುವುಗಳಲ್ಲಿ ಟಯರ್ ಬೇಗ ಸವೆಯುತ್ತದೆ.

5. ಕಾರು ಕೈಗೆ ಬಂದ ದಿನ

ಸರ್ವಿಸ್ ಕೇಂದ್ರದ ಲಿಫ್ಟ್ ಮೇಲೆ ಏರಿಸಿ ಅಡಿಭಾಗದ ಫೋಟೊ ತೆಗೆಯಿರಿ, ಓಡೋಮೀಟರ್ ಮತ್ತು ಟಯರ್‌ಗಳದ್ದೂ ಇರಲಿ. ಎಲ್ಲವನ್ನೂ ಅದೇ ದಿನ ಲೀಸ್ ಕಂಪನಿಗೆ ಇಮೇಲ್ ಮಾಡಿ. ಜೊತೆಗೆ ಬಂದ ಚಾರ್ಜರ್ ವಾಪಸ್ ಕೊಡಬೇಕೇ ಎಂಬುದಕ್ಕೂ ಬರಹದ ಉತ್ತರ ಪಡೆಯಿರಿ.

6. ವಾಪಸ್ ಕೊಡುವಾಗ

ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಕಾರನ್ನು ತೊಳೆಸಿ, ಲಿಫ್ಟ್ ಮೇಲೆ ನೋಡಿಸಿ. ವಿಮೆಯಲ್ಲಿ ಸರಿಯಾಗುವುದನ್ನು ಆಗಲೇ ಸರಿಮಾಡಿಸಿ. ಬಾಕಿ ದಂಡದ ನೋಟಿಸುಗಳನ್ನು ಕಟ್ಟಿಬಿಡಿ, ಕಂಪನಿ ಕಟ್ಟಿದರೆ ಮೇಲೆ ತನ್ನ ಶುಲ್ಕ ಹಾಕುತ್ತದೆ. ತಪಾಸಣೆ ನಿಮ್ಮ ಎದುರೇ ನಡೆಯಲಿ, ವರದಿಗೆ ಇಬ್ಬರ ಸಹಿ ಬೀಳಲಿ. ನಿಮ್ಮ ಖಾತೆಗೆ ಜೋಡಿಸಿದ ಫಾಸ್ಟ್ಯಾಗ್ ಇದ್ದರೆ ಕೀ ಕೊಡುವ ಮೊದಲು ಮುಚ್ಚಿಸಿ. ಕಂಪನಿಯವರು ಕಾರು ಪಡೆದದ್ದಕ್ಕೆ ದಿನಾಂಕ, ಸಮಯ, ಕಿ.ಮೀ. ಬರೆದ ರಸೀದಿ ಕೈಗೆ ಬರುವವರೆಗೆ ಕೀ ಕೊಡಬೇಡಿ.