ಬಂಡೆ ಮೇಲೆ ವರ್ಟಿಕಲ್: ಎರಡೇ ರೇಡಿಯಲ್ ಸಾಕಾಯಿತು

"ಎರಡು ರೇಡಿಯಲ್ ಇಟ್ಟುಕೊಂಡು ವರ್ಟಿಕಲ್ ನಡೆಯಲ್ಲ, ಹದಿನಾರಾದರೂ ಬೇಕು" ಎಂದು ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ಬಹಳ ದಿನ ವಾದ ಮಾಡಿದರು. ವರ್ಟಿಕಲ್ ಅಂದರೆ ನೆಟ್ಟಗೆ ನಿಲ್ಲಿಸುವ ಆಂಟೆನಾ, ರೇಡಿಯಲ್ ಅಂದರೆ ಅದರ ಬುಡದಿಂದ ಸುತ್ತ ಎಳೆಯುವ ತಂತಿ. ನೆಲದ ಮೇಲೆ ಹಾಸುವ ರೇಡಿಯಲ್‌ಗೆ ಆ ಮಾತು ಸರಿ. ಎತ್ತರಿಸಿ ಕಟ್ಟಿದರೆ ಲೆಕ್ಕವೇ ಬೇರೆ. ದೇವರಾಯನದುರ್ಗದ ಬಂಡೆ ಮೇಲೆ ಅದನ್ನು ತೋರಿಸಿಕೊಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಕಾಯಿಲ್ (ತಂತಿಸುರುಳಿ) ಇರುವ ವಿಪ್, ಅಂದರೆ ಗಿಡ್ಡ ಕಡ್ಡಿ ಆಂಟೆನಾ ಒಂದನ್ನು ಹೊರಗಿನಿಂದ ತರಿಸಿದ್ದೆ. ಸುಂಕ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ನಿಲ್ಲಿಸಿದರೆ ನಾಲ್ಕು ಮೀಟರೂ ಎತ್ತರವಿಲ್ಲ. ಜೊತೆಗೆ ಬಂದ ಗೂಟ ಹೊಲದ ಮಣ್ಣಿಗೆ ಚೆನ್ನ. ನಮ್ಮ ಕಡೆ ಬೆಟ್ಟದ ತುದಿ ಬರೀ ಕಲ್ಲು, ಗೂಟ ಎಲ್ಲಿ ಹೊಡೆಯೋದು? ಟ್ರೈಪಾಡ್‌ಗೆ ಮತ್ತೆ ಎರಡು ಸಾವಿರ. ಆಷಾಢದ ಗಾಳಿಗೆ ಅದೂ ಉರುಳಿತು, ಕೆಳಗಿನ ಜಾಯಿಂಟ್ ಸೀಳಿತು. ಕಾಯಿಲ್ ಮೇಲೆ ಜಾರುವ ಕಾಂಟ್ಯಾಕ್ಟ್‌ಗೆ ಧೂಳು ಕೂತು ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದುತ್ತದೆ ಎನ್ನುವ ಅಳತೆ, 1 ಬಂದರೆ ಪೂರ್ತಿ ಹೊಂದಿಕೆ) ನಿಂತಲ್ಲಿ ನಿಲ್ಲಲಿಲ್ಲ.

ಇಷ್ಟಾದರೂ "ಎಸ್‌ಡಬ್ಲ್ಯೂಆರ್ 1.1 ಬಂತಲ್ವಾ" ಎಂದು ಖುಷಿಪಡುವವರೇ ಜಾಸ್ತಿ. ರೇಡಿಯೊ ಬಯಸುವುದು 50 ಓಮ್. ಪೂರ್ತಿ ಉದ್ದದ ಕ್ವಾರ್ಟರ್ ವೇವ್‌ಗೆ (ತರಂಗದ ಕಾಲುಭಾಗ ಉದ್ದದ ಆಂಟೆನಾಗೆ) ಒಳ್ಳೆಯ ನೆಲ ಸಿಕ್ಕರೆ 36 ಓಮ್ ಆಸುಪಾಸು, ಅಂದರೆ 1.4 ಬರಬೇಕು. ಗಿಡ್ಡ ವಿಪ್‌ಗೆ ಇನ್ನೂ ಕಡಿಮೆ. ಕಲ್ಲಿನ ಮೇಲೆ ಅದು ಸರಿಯಾಗಿ 50 ತೋರಿಸಿದರೆ, ಉಳಿದದ್ದು ನೆಲ ಮತ್ತು ಕಾಯಿಲ್ ನುಂಗುತ್ತಿರುವ ಪವರ್. 5 ವಾಟ್‌ನಲ್ಲಿ ನಮಗೆ ಅದು ದೊಡ್ಡ ನಷ್ಟ.

ಈಗಿನ ನನ್ನ ಆಂಟೆನಾಗೆ 7 ಮೀಟರ್‌ನ ಫೈಬರ್‌ಗ್ಲಾಸ್ ಮೀನುಗಾಳದ ಕೋಲು, ಸುಮಾರು 1500 ರೂಪಾಯಿ. ಕಾರ್ಬನ್ ಕೋಲು ಬೇಡವೇ ಬೇಡ, ಟ್ಯೂನಿಂಗ್ ಕೆಡಿಸುತ್ತದೆ. 20 ಮೀಟರ್ ಬ್ಯಾಂಡ್‌ಗೆ 5 ಮೀಟರ್ ಚಿಲ್ಲರೆ ತಂತಿ, ಅಷ್ಟೇ ಉದ್ದದ ಎರಡು ರೇಡಿಯಲ್. ಕೇಬಲ್ ಬಂದು ಸೇರುವ ಫೀಡ್ ಪಾಯಿಂಟ್ ಎದೆಮಟ್ಟಕ್ಕೆ. ರೇಡಿಯಲ್‌ಗಳನ್ನು ಎದುರುಬದುರಾಗಿ, ಬಂಡೆ ಇಳಿಯುವ ಕಡೆಗೆ ಎಳೆದು ನೈಲಾನ್ ದಾರದಿಂದ ಪೊದೆಗೆ ಕಟ್ಟುತ್ತೇನೆ. ಇಳಿಜಾರು ಜಾಸ್ತಿಯಾದಷ್ಟೂ ಇಂಪೀಡೆನ್ಸ್ (ಮೇಲೆ ಹೇಳಿದ ಓಮ್ ಲೆಕ್ಕ) 50ರ ಕಡೆ ಏರುತ್ತದೆ. ಇಲ್ಲಿ ಚೋಕ್ (ಕೇಬಲ್‌ನ ಹೊರಮೈಯಲ್ಲಿ ಹರಿಯುವ ಕರೆಂಟ್ ತಡೆಯುವ ಸುರುಳಿ) ಇರಲೇಬೇಕು, ಇಲ್ಲದಿದ್ದರೆ ಕೋಕ್ಸ್ ಕೇಬಲ್‌ನ ಹೊರಮೈಯೇ ಮೂರನೇ ರೇಡಿಯಲ್ ಆಗುತ್ತದೆ. ನನ್ನ ಚೋಕ್ ಸುತ್ತುವ ರೀತಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ವಿಪ್, ತಂತಿ ಎರಡನ್ನೂ ದೂರ ದೂರ ನಿಲ್ಲಿಸಿ, ಒಂದೇ ರಿಗ್‌ಗೆ (ರೇಡಿಯೊಗೆ) ಸ್ವಿಚ್ ಹಾಕಿ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಬದಲಿಸಿ ಬದಲಿಸಿ ನೋಡಿದೆವು. ಯುರೋಪಿನ ವರದಿಗಳಲ್ಲಿ ತಂತಿಯದು ಹೆಚ್ಚುಕಮ್ಮಿ 4-5 ಡೆಸಿಬೆಲ್ ಮುಂದೆ. ಸಂಜೆ 5 ವಾಟ್ ಎಸ್‌ಎಸ್‌ಬಿಗೆ (ಬಾಯಿಮಾತಿನ ಪ್ರಸಾರಕ್ಕೆ) ಇಟಲಿಯವನೊಬ್ಬ ಮೊದಲ ಕರೆಗೇ ಉತ್ತರಿಸಿದ. ವಾದ ಮಾಡುತ್ತಿದ್ದವರು ಪಕ್ಕದಲ್ಲೇ ಇದ್ದರು.

ರೇಡಿಯಲ್ ಬದಲು ಕಬ್ಬಿಣದ ರೇಲಿಂಗ್‌ಗೂ ಕ್ಲಿಪ್ ಹಾಕಿ ನೋಡಿದ್ದೇನೆ. ಟ್ಯೂನ್ ಆಗುತ್ತದೆ, ಆದರೆ ಯಾರಾದರೂ ಕೈಯಿಟ್ಟರೆ ಕೆಡುತ್ತದೆ. ಅದೇ 5 ಮೀಟರ್ ತಂತಿ 10 ಮೀಟರ್ ಬ್ಯಾಂಡ್‌ಗೆ ಹಾಫ್ ವೇವ್, ಅಂದರೆ ತರಂಗದ ಅರ್ಧ ಉದ್ದ. ಇಂಪೀಡೆನ್ಸ್ ಇಳಿಸುವ 49:1 ಟ್ರಾನ್ಸ್‌ಫಾರ್ಮರ್ ಹಾಕಿದರೆ ಉದ್ದದ ರೇಡಿಯಲ್ ಬೇಕಾಗಲಿಲ್ಲ. ಕೆಂಪು ತಂತಿ ಮಾತ್ರ ತರಬೇಡಿ, ಮಂಗಗಳು ಬಿಡಲ್ಲ. ಬೂದು ಬಣ್ಣದ್ದು ಉಳಿದುಕೊಂಡಿದೆ.

ಬೆಳಿಗ್ಗೆ 40 ಮೀಟರ್‌ನಲ್ಲಿ ಮೈಸೂರು, ಹಾಸನದವರನ್ನು ಮಾತಾಡಿಸುವುದಾದರೆ ವರ್ಟಿಕಲ್ ಕಟ್ಟಲೇಬೇಡಿ. ಅದೇ ಕೋಲಿನ ಮೇಲೆ ಇನ್ವರ್ಟೆಡ್ ವಿ (ನಡು ಮೇಲೆ, ಎರಡು ತುದಿ ಕೆಳಗೆ ಇರುವ ತಂತಿ ಆಂಟೆನಾ) ಹಾಕಿ. ತಗ್ಗಿನಲ್ಲಿದ್ದಷ್ಟೂ ಸಿಗ್ನಲ್ ನೇರ ಮೇಲೆ ಹೋಗಿ ಹತ್ತಿರದಲ್ಲೇ ಇಳಿಯುತ್ತದೆ.